ಬಾಯಿಗಿಟ್ಟ ಬೊಟ್ಟು

5 ನವೆಂಬರ್ 1959, ಗುರುವಾರ

ಊರು ಸೇರಿದೆ. ಒಂದು ತಿಂಗಳು ರಜೆ. ನಾನು ಕೇಳಿದ್ದಲ್ಲ, ಏರ್‌ಫೋರ್ಸಿನೋರೇ ಕೊಟ್ಟು ಕಳಿಸಿದ್ದು. ಡಿಸೆಂಬರ್ ಏಳಕ್ಕೆ ವಿಚಾರಣೆ ಮತ್ತೆ ಕೂರ್ತದೆ, ಅಷ್ಟರೊಳಗೆ ಬಾ ಅಂದವ್ರೆ.

ಈ ನೋಟ್‌ಬುಕ್ಕು ಹ್ಯಾಂಗರಿಂದ, ಅಂದ್ರೆ ವಿಮಾನ ನಿಲ್ಸೋ ಶೆಡ್ಡಿಂದ, ತಂದದ್ದು. ಕನ್ನಡದಲ್ಲೇ ಬರೀತೀನಿ. ನಮ್ಮಣ್ಣ ಪೆದ್ದಣ್ಣ ಓದಿರೋದು ತೆಲುಗು ಇಸ್ಕೂಲು, ಅಮ್ಮಂಗೆ ಅಕ್ಷರಾನೇ ಬರಲ್ಲ. ನಾನೊಬ್ಬ ಪಾವಗಡದಲ್ಲಿ ಮಾವನ ಮನೇಲಿದ್ದು ಕನ್ನಡ ಕಲ್ತೋನು. ಹಂಗಾಗಿ ಇಲ್ಲಿ ಬರದದ್ದು ಇಲ್ಲೇ ಇರ್ತದೆ.

ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಲ್ಲಿ ಕಾಫಿ ಕುಡ್ದೆ. ಲೋಟ ಕೆಳಗಿಟ್ಟ ಮೇಲೆ ನೋಡ್ಕಂಡ್ರೆ ಎರಡು ಬೆರಳು ಕೆಂಪಗೆ ಸುಟ್ಟವೆ. ಬಿಸಿ ಐತೆ ಅಂತ ಗೊತ್ತಾಗ್ಲಿಲ್ಲ.

ಅಮ್ಮ ಬಾಗಿಲಲ್ಲೇ ಹಿಡ್ಕಂಡ್ಲು. "ಯಾಕಪ್ಪಾ ಹಿಂಗೆ ಸೊರಗ್ಬುಟ್ಟಿದೀಯ? ಅಲ್ಲಿ ಹೊಟ್ಟೆಗೆ ಇಕ್ಕಲ್ವಾ?"

ಇಕ್ತಾರೆ ಅಂದೆ. ಮುದ್ದೆ ಉಂಡೆ. ಮಲಗ್ತೀನಿ.

7 ನವೆಂಬರ್

ಜಗುಲಿ ತುಂಬ ಜನ. ಪಕ್ಕದ ಮನೆ ಗಂಗುಲಪ್ಪ ಬಂದೋನೇ, "ಏಮಿ ಅಬ್ಬಾಯಾ ಆದಿನಾರಾಯಣಾ, ಮನ ಊರಿಕಿ ವಿಮಾನಂ ಎಪ್ಪುಡು ತೆಸ್ತಾವು?" ಅಂದ. ನಮ್ಮೂರಿಗೆ ವಿಮಾನ ಯಾವಾಗ ತರ್ತೀಯ ಅಂತ ಪ್ರತಿ ರಜೆಗೂ ಇದೇ ಪ್ರಶ್ನೆ. ನಾನು ವಿಮಾನ ಓಡ್ಸೋನಲ್ಲಪ್ಪೋ, ಅದು ಹಾರೋಕೆ ಮುಂಚೆ ನಟ್ಟು ಬೋಲ್ಟು ಬಿಗಿ ಮಾಡಿ ಒರೆಸಿ ಕಳ್ಸೋನು ಅಂತ ಎಂಟು ವರ್ಷದಿಂದ ಹೇಳ್ತಾ ಇದೀನಿ. ಕೇಳೋರ್ಯಾರು.

ಏನಾದ್ರೂ ಹೇಳು ಅಂತ ಪೀಡಿಸಿದ್ರು. ಹೇಳ್ದೆ. ನಮ್ಮಲ್ಲೊಬ್ಬ ಸ್ಪ್ಯಾನರನ್ನ ವಿಮಾನದ ಬಾಲದೊಳಗೆ ಮರ್ತು ಬಂದಿದ್ದ. ಮೇಲೆ ಹೋದಾಗ ಅದು ಲೊಡಲೊಡ ಅಂತ ಉರುಳಾಡಿ, ಪೈಲಟ್ ಬೆವರಿಳಿಸ್ಕಂಡು ಕೆಳಗಿಳಿಸಿದ್ರು. ಇನ್ನೊಬ್ಬ ಚಕ್ರಕ್ಕೆ ಅಡ್ಡ ಕೊಟ್ಟಿದ್ದ ಮರದ ತುಂಡು ತೆಗೀದೇನೇ "ಹೋಗಿ ಸಾರ್" ಅಂತ ಕೈ ಬೀಸಿದ. ಇಂಜಿನ್ನು ಬೊಬ್ಬೆ ಹೊಡೀತದೆ, ವಿಮಾನ ಮೊಂಡೆಮ್ಮೆ ಥರ ನಿಂತೇ ಐತೆ. ಮತ್ತೊಬ್ಬ ಹೊಸ ಬಣ್ಣ ಬಳ್ದಿದ್ದ ರೆಕ್ಕೆ ಮೇಲೆ ಮಲಗಿ ನಿದ್ದೆ ಹೋಗಿ, ಎದ್ದಾಗ ಅಂಗಿ ಬೆನ್ನ ಮೇಲೆ ವಿಮಾನದ ನಂಬರು ಉಲ್ಟಾ ಅಚ್ಚಾಗಿತ್ತು.

ಎಲ್ರೂ ಬಿದ್ದು ಬಿದ್ದು ನಕ್ಕರು. ಅತ್ತಿಗೆ ಮುನಿಯಕ್ಕ ಒಳಗಿಂದ ಸೆರಗು ಬಾಯಿಗಿಟ್ಕಂಡು ಬಂದು ನಿಂತ್ಲು.

"ಎಲ್ಲಾ ಬೇರೆಯೋರ್ದೇ ಹೇಳಿದ್ಯಲ್ಲೋ, ನಿಂದೇನೂ ಇಲ್ವೇನ್ಲಾ?" ಅಂದ ಅಣ್ಣ.

ನಂದೇನಿಲ್ಲ ಅಂದೆ.

8 ನವೆಂಬರ್

ನಂದು ಐತೆ. ಒಂದ್ಸಲ ಬರೆದುಬಿಡ್ತೀನಿ.

ನಮ್ಮನೇಲಿ ಒಂದು ಪದ್ಧತಿ. ಆಯುಧಪೂಜೆ ದಿನ ಬಾಯಿ ಇರೋದಕ್ಕೆಲ್ಲ ಬೊಟ್ಟಿಡ್ಬೇಕು. ಕೊಡದ ಬಾಯಿ, ಒರಳಿನ ಬಾಯಿ, ಬಿತ್ತನೆ ಕೂರಿಗೆಯ ತೂತು, ಯಾವುದನ್ನೂ ಬಿಡಂಗಿಲ್ಲ. ಬಾಯಿ ತಣ್ಣಗಿದ್ರೆ ಅದು ನಮ್ಮ ಮೇಲೆ ಬರಲ್ಲ ಅಂತಾಳೆ ಅಮ್ಮ. ಚಿಕ್ಕವನಿದ್ದಾಗಿಂದ ಉಂಗುರದ ಬೆರಳಲ್ಲಿ ಗಂಧ ಮೆತ್ತಿ ಮೆತ್ತಿ ನನ್ನ ಕೈಗೆ ಅದು ಅಭ್ಯಾಸ ಆಗೋಗಿದೆ.

ಅಕ್ಟೋಬರ್ ಹನ್ನೊಂದಕ್ಕೆ ನಮ್ಮ ಏರ್‌ಫೋರ್ಸ್ ಸ್ಟೇಷನ್ನಲ್ಲಿ ಪೂಜೆ. ವಿಮಾನಗಳನ್ನ ತೊಳ್ದು ಸಾಲಾಗಿ ನಿಲ್ಸಿದ್ವಿ. ಪೂಜೆಗೆ ಕೂತೋನು ಶಿವಯೋಗಣ್ಣ. ಹಿಂದೂಪುರದೋನು, ಕಾರ್ಪೊರಲ್, ನನಗಿಂತ ಮೇಲಿನೋನು. ದಿನಾ ಬೆಳಗ್ಗೆ ಹಣೆಗೆ ವಿಭೂತಿ ಹಚ್ದೆ ನೀರು ಕುಡಿಯೋನಲ್ಲ. ವಿಭೂತಿ ನೀರಲ್ಲಿ ಕಲಸಿ ಮೂರು ಬೆರಳಲ್ಲಿ ಒಂದೊಂದು ವಿಮಾನದ ಮೂತಿಗೂ ಎಳ್ಕೊಂಡು ಹೋದ. ಅವನ ಹಿಂದೆ ನಾನು ಗಂಧದ ಬಟ್ಲು ಹಿಡ್ಕಂಡು.

ರೆಕ್ಕೆ ಕೆಳಗೆ ಒಂದು ಸಣ್ಣ ಕೊಳವೆ ಇರ್ತದೆ. ಪಿಟೋ ಅಂತೀವಿ. ಅದರ ತುದೀಲಿ ತೂತು. ಹಾರೋವಾಗ ಆ ತೂತಲ್ಲಿ ಗಾಳಿ ನುಗ್ಗಿದ್ರೇನೇ ಪೈಲಟ್ ಮುಂದಿರೋ ವೇಗದ ಮುಳ್ಳು ನಿಜ ಹೇಳೋದು. ನನಗೆ ಗೊತ್ತು. ಎಂಟು ವರ್ಷದಿಂದ ಗೊತ್ತು. ಆದ್ರೂ ಅದು ಬಾಯಿ ಥರ ಕಾಣ್ತು, ಬೆರಳು ಹೋಯ್ತು, ದಪ್ಪಗೆ ಗಂಧ ಮೆತ್ತಿದೆ. ಆಮೇಲೆ ಯಾರೋ ಎಂದಿನಂಗೆ ಕೊಳವೆಗೆ ಬಟ್ಟೆ ಚೀಲ ತೊಡ್ಸಿದ್ರು.

ಅಲ್ಲೇ ನಿಂತಿದ್ದ ಪೈಲಟ್ ಸಾಹೇಬ್ರು, ಇಪ್ಪತ್ಮೂರು ವರ್ಷದೋರು, "ನನಗೂ ಒಂದಿಡಪ್ಪಾ" ಅಂತ ಹಣೆ ಮುಂದಕ್ಕೆ ಕೊಟ್ರು. ಅದೇ ಬೆರಳಲ್ಲಿ ಇಟ್ಟೆ.

ಮಾರನೇ ದಿನ ಬೆಳಗ್ಗೆ ಶಿವಯೋಗಣ್ಣ ಚೀಲ ತೆಗ್ದ. ತೂತಿಗೆ ಕಣ್ಣಿಟ್ಟು ನೋಡ್ಲಿಲ್ಲ. ಯಾರೂ ನೋಡಲ್ಲ. ನೋಡಿದ್ದೇನೆ ಅಂತ ರುಜು ಹಾಕ್ದ. ಸಾಹೇಬ್ರು ಹಾರಿದ್ರು. ಇಳಿಯೋವಾಗ ವೇಗ ಐತೆ ಅಂತ ಮುಳ್ಳು ಸುಳ್ಳು ಹೇಳ್ತು, ವಿಮಾನ ವೇಗ ಸಾಲದೆ ರನ್‌ವೇಗೆ ಮುಂಚೇನೇ ಕುಸ್ದು ಹತ್ಕಂಡು ಉರೀತು.

ಕೊಳವೆಯೊಳಗೆ ಏನೋ ಕರಕಲು ಸಿಕ್ತು. ಸುಟ್ಟ ಮೇಲೆ ಗಂಧಾನೂ ಕರಕಲೇ, ವಿಭೂತಿನೂ ಕರಕಲೇ. ಪೂಜೆ ಮಾಡಿದ್ಯಾರು ಅಂದ್ರು. ಶಿವಯೋಗಣ್ಣ ಮುಂದೆ ಬಂದು, ನನ್ನ ಬೆರಳೇ ತಾಕಿರ್ಬೇಕು ಸಾರ್ ಅಂದ. ಅವನಿಗೆ ನಿಜವಾಗ್ಲೂ ಹಂಗೇ ಅನ್ಸಿದೆ. ನನ್ನ ಕೇಳಿದ್ರು. ಗೊತ್ತಿಲ್ಲ ಸಾರ್ ಅಂದೆ.

ಬರ್ದಾಯ್ತು. ಬರದ್ರೆ ಅಳು ಬರ್ತದೇನೋ ಅಂದ್ಕಂಡಿದ್ದೆ. ಬರ್ಲಿಲ್ಲ.

11 ನವೆಂಬರ್, ಹಿಂದೂಪುರ

ಶಿವಯೋಗಣ್ಣ ತನ್ನ ಟ್ರಂಕು ಮನೆಗೆ ತಲುಪಿಸು ಅಂತ ಕೊಟ್ಟಿದ್ದ. ಅವನನ್ನ ಬ್ಯಾರಕ್‌ನಲ್ಲೇ ಕಾವಲಲ್ಲಿಟ್ಟವ್ರೆ. ಜೈಲಿಗೆ ಹೋಗೋನಿಗೆ ಟ್ರಂಕ್ಯಾಕೆ ಅಂದಿದ್ದ ನಗ್ತಾ.

ಧರ್ಮಾವರದಲ್ಲಿ ರೈಲು ಹಿಡಿದು ಬಂದೆ. ಅವರ ತಂದೆ ದೊಡ್ಡಬಸಪ್ಪನವರದು ಹುಣಸೇಹಣ್ಣಿನ ಮಂಡಿ. ಮನೆಯೆಲ್ಲ ಹುಣಸೆ ವಾಸನೆ ಅಂತ ಶಿವಯೋಗಣ್ಣ ಹೇಳ್ತಿದ್ದ. ನನಗೆ ಯಾವ ವಾಸನೆನೂ ಬರ್ಲಿಲ್ಲ.

ಅವರ ತಾಯಿ ಪಂಪಮ್ಮ ಎಲೆ ಹಾಕಿ ಬಡಿಸಿದ್ರು. ನಾನು ಉಣ್ತಿರೋವಾಗ್ಲೇ ಟ್ರಂಕು ತೆಗೆದ್ರು. ಎಲ್ಲಕ್ಕಿಂತ ಮೇಲೆ, ಬಿಳೀ ಬಟ್ಟೇಲಿ ಸುತ್ತಿ, ವಿಭೂತಿ ಗಟ್ಟಿ.

"ಇದ್ಯಾಕಪ್ಪ ವಾಪಸ್ ಕಳ್ಸವ್ನೆ?" ಅಂದ್ರು ಪಂಪಮ್ಮ. "ಕೆಲಸಕ್ಕೆ ಸೇರ್ದಾಗ ನಾನೇ ಕೊಟ್ಟಿದ್ದು ಕಣಪ್ಪ. ಇದಿಲ್ದೆ ಹೆಂಗಿರ್ತಾನೆ?"

ನಾನು ಬರೋ ದಿನ ಅವನ ಹಣೆ ನೋಡಿದ್ದೆ. ಬರೀ ಹಣೆ. ಕೇಳಿದ್ದಕ್ಕೆ, "ಈ ವಿಭೂತಿ ಒಬ್ಬನ ಜೀವ ತೆಗೀತು ಆದಿ, ಇನ್ನು ಹಣೆಗೆ ಹೆಂಗೆ ಹಚ್ಲಿ" ಅಂದಿದ್ದ. ಪಂಪಮ್ಮಂಗೆ ಅದನ್ನ ಹೇಳ್ಲಿಲ್ಲ. ಅವನ ಹತ್ರ ಬೇರೆ ಇರ್ಬೇಕು ಅಂದೆ.

ದೊಡ್ಡಬಸಪ್ಪನವರು ನನ್ನೇ ನೋಡ್ತಾ ಕೂತಿದ್ರು. "ನೀನು ಅಲ್ಲೇ ಇದ್ದೆ ಅಲ್ವಾ ತಮ್ಮಾ? ನಮ್ಮುಡುಗ ಏನು ಮಾಡ್ದ, ನಿಜ ಹೇಳು."

"ಅವನು ಒಳ್ಳೇನು" ಅಂದೆ.

"ಒಳ್ಳೇನೋ ಕೆಟ್ಟೋನೋ ನನಗೆ ಗೊತ್ತು ಕಣಪ್ಪ. ನಾನು ಕೇಳಿದ್ದು ಅದಲ್ಲ."

ಅನ್ನ ಮುಗಿಸಿ ಕೈ ತೊಳ್ಕಂಡು ಬಂದ್ಬುಟ್ಟೆ.

13 ನವೆಂಬರ್

ಹೊಲದಲ್ಲಿ ಕಡ್ಲೆಕಾಯಿ ಬಿಡಿಸಿದೆ. ದಿನವೆಲ್ಲ.

14 ನವೆಂಬರ್

ಅದೇ.

17 ನವೆಂಬರ್

ಅದೇ. ಉಗುರು ಕಿತ್ತೋಗಿ ರಕ್ತ ಬಂದಿತ್ತಂತೆ, ಅತ್ತಿಗೆ ನೋಡಿ ಅರಿಶಿನ ಮೆತ್ತಿದ್ಲು. "ಏನಯ್ಯಾ ನೀನು, ಮರದ ಬೊಂಬೆನಾ?" ಅಂದ್ಲು.

19 ನವೆಂಬರ್

ಅಣ್ಣ ಬಾವಿಗೆ ಆಯಿಲ್ ಇಂಜಿನ್ ತಂದವ್ನೆ. ಅನಂತಪುರದಿಂದ ಲಾರೀಲಿ ಬಂತು. ಇನ್ಮೇಲೆ ಕಪಿಲೆ ಹೊಡ್ದು ನೀರೆತ್ತಿ ಎತ್ತಿನ ಹೆಗಲು ಕೀಳೋದು ಬ್ಯಾಡ ಅಂತ ಕುಣೀತಾ ಅವ್ನೆ. ಬೆಳುಗುಪ್ಪದಿಂದ ಒಬ್ಬ ಮೆಕ್ಯಾನಿಕ್ಕು ಬಂದು ಕೂರಿಸ್ಕೊಟ್ಟು ಹೋದ.

"ವಿಮಾನ ರಿಪೇರಿ ಮಾಡೋನು ಮನೇಲಿದ್ರೂ ಹೊರಗಿನೋನ್ನ ಕರೀಬೇಕಾಯ್ತಲ್ಲೋ" ಅಂತ ಗೊಣಗಿದ ಅಣ್ಣ. ನನ್ನ ಕೈಗೆ ಅವೆಲ್ಲ ಬೇಡ ಅಂದೆ. ಮುಖ ಗಂಟು ಹಾಕ್ಕಂಡು ಹೋದ. ಹೋಗ್ಲಿ.

23 ನವೆಂಬರ್, ಕಾರ್ತಿಕ ಸೋಮವಾರ

ಇವತ್ತು ಇಂಜಿನ್ನಿಗೆ ಪೂಜೆ. ಅಮ್ಮನೇ ಮಾಡಿದ್ಲು. ನಾನು ಬೇವಿನಮರದ ಕೆಳಗೆ ದೂರ ಕೂತಿದ್ದೆ. ಅಣ್ಣ ಹ್ಯಾಂಡಲ್ ತಿರುವಿದ, ಇಂಜಿನ್ನು ಡುಗುಡುಗು ಅಂತ ಹತ್ಕಂಡು ಬಾವಿ ನೀರು ಕಾಲುವೆಗೆ ಬಂತು. ಊರೆಲ್ಲ ಕೇಕೆ. ಗಂಗುಲಪ್ಪ ಪಂಚೆ ಸಮೇತ ನೀರಿಗಿಳ್ದ.

ಕಾಲು ಗಂಟೆ ಆಗಿತ್ತೇನೋ. ಇಂಜಿನ್ನು ಕೆಮ್ತು, ಮುಕ್ಕರಿಸ್ತು, ನಿಂತೋಯ್ತು.

ಅಣ್ಣ ತಿರುವಿ ತಿರುವಿ ಸುಸ್ತಾದ. ಬೆಳುಗುಪ್ಪದೋನು ಮೋಸ ಮಾಡ್ದ ಅಂತ ಅವನಪ್ಪ ಅಜ್ಜಂದಿರ ತನಕ ಬೈದ. ನಾನು ಎದ್ದು ಹೋದೆ. ಯಾಕೆ ಹೋದ್ನೋ. ಎಣ್ಣೆ ಟ್ಯಾಂಕಿನ ಮುಚ್ಚಳ ನೋಡ್ದೆ. ಮುಚ್ಚಳದ ಮೇಲೆ ಒಂದು ಸಣ್ಣ ತೂತಿರ್ತದೆ, ಅದರಲ್ಲಿ ಗಾಳಿ ಒಳಗೆ ಹೋದ್ರೇನೇ ಎಣ್ಣೆ ಕೆಳಗೆ ಇಳಿಯೋದು. ಆ ತೂತಿನ ಮೇಲೆ ದುಂಡಗೆ, ದಪ್ಪಗೆ, ಗಂಧದ ಬೊಟ್ಟು.

ಸ್ವಲ್ಪ ಹೊತ್ತು ಅದನ್ನೇ ನೋಡ್ತಾ ನಿಂತಿದ್ದೆ ಅಂತ ಕಾಣ್ತದೆ. ಅಣ್ಣ ಭುಜ ಅಲ್ಲಾಡ್ಸಿದ. ಪೊರಕೆ ಕಡ್ಡಿ ತಗೊಂಡು ತೂತು ಬಿಡಿಸ್ದೆ. ಒಂದೇ ತಿರುವಿಗೆ ಹತ್ಕಂತು.

"ಯಾವನ್ಲಾ ಅದು ಇಲ್ಲಿ ಗಂಧ ಮೆತ್ತಿದ್ದು?" ಅಂತ ಅಣ್ಣ ಕಿರುಚಿದ.

"ನಾನೇ ಕಣಪ್ಪ ಇಕ್ಕಿದ್ದು" ಅಂದ್ಲು ಅಮ್ಮ, ಊರ ಮುಂದೇನೇ. "ಬಾಯಿ ಅಂತ ಇಕ್ಕಿದೆ. ಅದು ಉಸಿರಾಡ್ತದೆ ಅಂತ ನನಗೇನು ಗೊತ್ತು? ತಪ್ಪಾಯ್ತು ಬುಡು." ಅಂದು ಮಂಗಳಾರತಿ ತಟ್ಟೆ ಎತ್ಕಂಡು ಹೊರಟೇಬಿಟ್ಲು. ಎಲ್ರೂ ನಕ್ಕರು, ಅವಳೂ ನಕ್ಲು.

ನಾನೇ ಕಣಪ್ಪ ಇಕ್ಕಿದ್ದು. ಅಷ್ಟೇ ಹೇಳಿದ್ದು. ಹೇಳಿ ಮನೆಗೆ ಹೋಗಿ ಸಾರಿಗಿಟ್ಲು.

ಸಾರಿಗೆ ಹುಳಿ ಜಾಸ್ತಿ ಆಗಿತ್ತು. ಅಂದಿದ್ದಕ್ಕೆ ಅತ್ತಿಗೆ, "ಸದ್ಯ, ನಾಲಗೆ ಐತೆ ನಿನಗೆ" ಅಂದ್ಲು.

24 ನವೆಂಬರ್

ಅಮ್ಮ ಹಿತ್ತಲಲ್ಲಿ ಅವರೆಕಾಯಿ ಸುಲೀತಿದ್ಲು. ಹೋಗಿ ಎದುರಿಗೆ ಕೂತೆ.

"ಅಮ್ಮಾ, ನಾನೂ ಇಕ್ಕಿದ್ದೆ."

"ಏನು?"

"ಬೊಟ್ಟು. ವಿಮಾನಕ್ಕೆ. ಆಯುಧಪೂಜೆ ದಿನ."

"ಒಳ್ಳೇದಾಯ್ತು ಬುಡು."

"ಅದರ ಬಾಯಿಗೆ ಇಕ್ಕಿದ್ದೆ."

ಅಮ್ಮನ ಕೈ ನಿಂತೋಯ್ತು. "ಅದೂ ನಿಂತೋಯ್ತಾ?"

"ಬಿತ್ತು."

"ಒಳಗೆ ಯಾರಾದ್ರೂ ಇದ್ರಾ?"

"ಇದ್ರು. ಒಬ್ರು."

ಅವಳು ಅವರೆಕಾಯಿ ಮೊರ ಪಕ್ಕಕ್ಕಿಟ್ಲು. ಆಮೇಲೆ, "ಹೇಳಿದ್ಯಾ ಅವರಿಗೆ?" ಅಂದ್ಲು.

"ಇಲ್ಲ. ಇನ್ನೊಬ್ಬ ತನ್ನದೇ ತಪ್ಪು ಅಂತ ಒಪ್ಕಂಡವ್ನೆ. ಅವನಿಗೆ ಅವನೇ ಮಾಡಿದ್ದು ಅಂತ ಅನ್ಸಿದೆ."

"ಆ ಹುಡುಗನಿಗೆ ತಾಯಿ ಅವ್ಳಾ?"

"ಅವ್ಳೆ. ಹಿಂದೂಪುರದಲ್ಲಿ. ಅವಳ ಕೈಯಲ್ಲಿ ಉಂಡು ಬಂದಿದೀನಿ."

ಅಮ್ಮ ಎದ್ದು ಹೋದ್ಲು. ಮಿಕ್ಕ ಅವರೆಕಾಯಿ ನಾನೇ ಸುಲಿದೆ.

25 ನವೆಂಬರ್

ಅಮ್ಮ ಅಣ್ಣಂಗೆ ಹೇಳವ್ಳೆ. ಅಣ್ಣ ನನ್ನ ಹೊಲಕ್ಕೆ ಕರ್ಕಂಡು ಹೋಗಿ, ಇಂಜಿನ್ನು ಹಚ್ಚಿ, ಅದರ ಸದ್ದಲ್ಲಿ ಮಾತಾಡ್ದ.

"ಹೇಳ್ಬ್ಯಾಡ ಕಣ್ಲಾ. ಜೈಲಿಗೆ ಹಾಕ್ತಾರೆ. ಸತ್ತೋರು ಎದ್ದು ಬತ್ತಾರಾ? ಅವನು ಒಪ್ಕಂಡವ್ನಲ್ಲ, ಮುಗೀತು. ನೀನು ಹೋಗಿ ಕೆಡಿಸ್ಕಬ್ಯಾಡ."

ಅವನ ಮಾತಲ್ಲಿ ತಪ್ಪೇನೂ ಹುಡುಕೋಕಾಗ್ಲಿಲ್ಲ. ನನ್ನ ಮೇಲಿನ ಆಸೆಗೆ ಹೇಳ್ತಾ ಇದ್ದ, ಕಣ್ಣಲ್ಲಿ ನೀರಿತ್ತು. ಸರಿ ಅಣ್ಣ ಅಂದೆ. ವಾಪಸ್ ಬರೋವಾಗ ಬೆಲ್ಟು ಸಡಿಲ ಆಗಿದ್ದು ಕಾಣ್ತು, ಇಂಜಿನ್ನು ನಿಲ್ಸಿ ಬಿಗಿ ಮಾಡ್ದೆ. ಟ್ಯಾಂಕಿನ ತೂತಿಗೂ ಒಂದ್ಸಲ ಕಣ್ಣಿಟ್ಟು ನೋಡ್ದೆ. ಚೊಕ್ಕಟವಾಗಿತ್ತು.

28 ನವೆಂಬರ್

ಇಂಗ್ಲಿಷಲ್ಲಿ ಬರೀತಾ ಕೂತಿದ್ದೆ. ವಿಚಾರಣೆಗೆ ಕೊಡೋಕೆ. ನಾಲ್ಕು ಸಲ ಹರಿದು ಹಾಕ್ದೆ. "ತಾಕಿರಬಹುದು" ಅಂತ ಬರದ್ರೆ ಸುಳ್ಳು. "ಇಟ್ಟೆ" ಅಂತ ಬರೀಬೇಕು. ಐದನೇ ಸಲ ಇಟ್ಟೆ ಅಂತಾನೇ ಬರ್ದೆ.

ಅಮ್ಮ ಬಂದು ನಿಂತ್ಲು. "ಏನ್ ಬರೀತಾ ಇದೀಯ?"

ಹೇಳ್ದೆ. ಅಣ್ಣನ ಹಂಗೆ ಬ್ಯಾಡ ಅಂತಾಳೆ ಅಂದ್ಕಂಡೆ.

"ನಾನು ಕಲ್ಸಿದ್ದು ಅಂತ ಬರ್ಕ. ಬಾಯಿಗೆ ಬೊಟ್ಟಿಡೋದು ಅವನ ಬುದ್ಧಿ ಅಲ್ಲ, ಅವರಮ್ಮ ನರಸಕ್ಕ ಕಲ್ಸಿದ್ದು ಅಂತ ಬರ್ಕ. ಬೇಕಾದ್ರೆ ನನ್ನ ಕರೀಲಿ, ನಾನೂ ಬತ್ತೀನಿ."

"ಅದೆಲ್ಲ ಬರ್ಯಂಗಿಲ್ಲಮ್ಮ."

"ಯಾಕೆ ಬರ್ಯಂಗಿಲ್ಲ? ನಿಜ ತಾನೇ?"

ಕೊನೇಲಿ ಒಂದು ಸಾಲು ಹಾಕ್ದೆ. ಅವಳಿಗೆ ಓದಕ್ಕೆ ಬರಲ್ಲ, ತನ್ನ ಹೆಸರು ಎಲ್ಲೈತೆ ತೋರ್ಸು ಅಂದ್ಲು. ತೋರ್ಸಿದೆ. ಅದರ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ನಿಂತ್ಲು. ನಾನು ಕಣ್ಣುಜ್ಜಿಕಂಡೆ. ಧೂಳು ಜಾಸ್ತಿ ಈ ಸಲ.

1 ಡಿಸೆಂಬರ್

ನಾಳೆ ಹೊರಡ್ತೀನಿ. ಹಿಂದೂಪುರ ನಮ್ಮ ದಾರಿಗೆ ಉಲ್ಟಾ. ಆದ್ರೂ ಮೊದಲು ಅಲ್ಲಿಗೆ. ಅಣ್ಣ ಮಾತು ಬಿಟ್ಟವ್ನೆ. ಆದ್ರೆ ಒಂದು ಮೂಟೆ ಹುರಿದ ಕಡ್ಲೆಕಾಯಿ ಕಟ್ಟಿಟ್ಟವ್ನೆ, ಅರ್ಧ ಶಿವಯೋಗಣ್ಣಂಗಂತೆ. ಅತ್ತಿಗೆ ಕೈಲಿ ಹೇಳಿ ಕಳ್ಸಿದ.

2 ಡಿಸೆಂಬರ್, ಹಿಂದೂಪುರ ಸ್ಟೇಷನ್ನು

ಗುಂತಕಲ್ ಕಡೆ ರೈಲಿಗೆ ಇನ್ನೂ ಮುಕ್ಕಾಲು ಗಂಟೆ ಐತಂತೆ. ಬೆಂಚಿನ ಮೇಲೆ ಕೂತು ಬರೀತಾ ಇದೀನಿ.

ಅವರ ಬೀದಿ ತಿರುವಿಗೆ ಬಂದಾಗ್ಲೇ ಹುಣಸೇಹಣ್ಣಿನ ವಾಸನೆ ಮೂಗಿಗೆ ಅಡರ್ತು. ಹೋದ ಸಲ ಮಂಡೀಲಿ ಸರಕಿರ್ಲಿಲ್ಲ ಅಂತ ಕಾಣ್ತದೆ.

ಪಂಪಮ್ಮ ಎಲೆ ಹಾಕೋಕೆ ಹೋದ್ರು. ಬೇಡಮ್ಮ, ಮೊದಲು ಕೇಳಿ ಅಂದೆ. ಇಬ್ರನ್ನೂ ಕೂರಿಸಿ ಹೇಳ್ದೆ. ಬೊಟ್ಟಿಟ್ಟಿದ್ದು ನಾನು. ವಿಚಾರಣೇಲಿ ಗೊತ್ತಿಲ್ಲ ಅಂದಿದ್ದೂ ನಾನು. ಶಿವಯೋಗಣ್ಣನ ವಿಭೂತಿ ಆ ಕೊಳವೆ ಹತ್ರಾನೂ ಹೋಗಿರ್ಲಿಲ್ಲ, ಅವನು ಮೂತಿಗೆ ಎಳ್ದ, ಹಿಂದೆ ಇದ್ದ ನಾನು ಕಣ್ಣಾರೆ ನೋಡಿದೀನಿ. ಅವನು ಹಣೆಗೆ ಹಚ್ಚೋದು ಯಾಕೆ ಬಿಟ್ಟ ಅಂತಾನೂ, ವಿಚಾರಣೆಗೆ ಎಲ್ಲ ಬರ್ದು ತಂದಿದೀನಿ ಅಂತಾನೂ ಹೇಳ್ದೆ.

ಪಂಪಮ್ಮ ಎದ್ದು ಬಂದು ನನ್ನ ಕೆನ್ನೆಗೆ ಬಾರಿಸಿದ್ರು. ಬಳೆ ಸಮೇತ.

"ನನ್ನ ಕೈಯಲ್ಲಿ ಉಂಡ್ಯಲ್ಲೋ! ಆ ಗಟ್ಟಿ ಕೈಲಿ ಹಿಡ್ಕಂಡು ನಿನ್ನೇ ಕೇಳಿದ್ನಲ್ಲೋ, ಯಾಕಪ್ಪ ಕಳ್ಸವ್ನೆ ಅಂತ! ಬೇರೆ ಇರ್ಬೇಕು ಅಂದ್ಯಲ್ಲೋ ಪಾಪಿ!"

ಅಯ್ಯೋ ಅಂತ ಬಾಯಿಂದ ಬಂದ್ಬುಡ್ತು. ಕಣ್ಣಲ್ಲಿ ನೀರು ಬಂತು. ನಿಲ್ಲಿಸೋಕೆ ನೋಡ್ದೆ, ನಿಲ್ಲಲಿಲ್ಲ. ಪರರ ಮನೇಲಿ ಬಿಕ್ಕಿ ಬಿಕ್ಕಿ ಅತ್ತೆ, ನಾಚಿಕೆಗೇಡು. ಆ ಪೈಲಟ್ ಸಾಹೇಬ್ರು ಹಣೆ ಮುಂದಕ್ಕೆ ಕೊಟ್ಟಿದ್ದು, ಅದೊಂದೇ ಕಾಣ್ತಿತ್ತು. ಪಂಪಮ್ಮ ಗೋಡೆ ಕಡೆ ತಿರುಗಿ ಅವರೂ ಅಳ್ತಾ ಇದ್ರು.

ನಾನು ಸುಮ್ಮನಾದ ಮೇಲೆ ದೊಡ್ಡಬಸಪ್ಪನವರು, ಬರ್ದಿರೋದನ್ನ ಕನ್ನಡದಲ್ಲಿ ಓದಿ ಹೇಳು ಅಂದ್ರು. ಓದಿದೆ. ಅಮ್ಮನ ಹೆಸರಿನ ಸಾಲೂ ಓದಿದೆ.

"ನೋಡ್ದೆ ರುಜು ಹಾಕಿದ್ದು ನಮ್ಮುಡುಗನ ತಪ್ಪು" ಅಂದ್ರು. "ಅದಕ್ಕೇನು ಬತ್ತದೋ ಬರ್ಲಿ, ಉಣ್ತಾನೆ. ಆದ್ರೆ ಮಾಡ್ದೇ ಇರೋದನ್ನ ಹೊತ್ಕಂಡು ಕೂರೋದು ಬ್ಯಾಡ. ನಿಂಗೂ ಏನು ಬತ್ತದೋ, ಬರ್ಲಿ ತಮ್ಮಾ."

ದೇವರ ಗೂಡಿಂದ ವಿಭೂತಿ ಗಟ್ಟಿ ತಂದ್ರು. ಅದೇ ಬಿಳೀ ಬಟ್ಟೆ. ನನ್ನ ಕೈಗೆ ಕೊಟ್ಟು, "ಇದನ್ನ ಸುಮ್ಮನೆ ಕೊಡ್ಬ್ಯಾಡ. ಮೊದಲು ನಿನ್ನ ಬಾಯಲ್ಲಿ ಹೇಳು, ಆಮೇಲೆ ಕೊಡು" ಅಂದ್ರು. ಪಂಪಮ್ಮ ಕಣ್ಣೊರೆಸ್ಕಂಡು ಬಂದು, ಉಂಡು ಹೋಗು ಅಂತ ಎಲೆ ಹಾಕಿದ್ರು. ನನ್ನ ಮುಖ ನೋಡದೇನೇ ಬಡಿಸಿದ್ರು. ಎರಡು ಸಲ ಅನ್ನ ಹಾಕಿಸ್ಕಂಡೆ.

ಕೆನ್ನೆ ಇನ್ನೂ ಉರೀತಾ ಐತೆ. ಬಳೆ ತಾಗಿದ ಕಡೆ ತರಚಿದೆ. ಏಳನೇ ತಾರೀಕು ನೆನೆದ್ರೆ ಭಯಾನೂ ಆಗ್ತಾ ಐತೆ. ಸ್ಟೇಷನ್ನಲ್ಲಿ ಕಾಫಿ ತಗೊಂಡೆ, ಬಾಯಿಗಿಡೋಕಾಗದಷ್ಟು ಬಿಸಿ, ಆರಲಿ ಅಂತ ಪಕ್ಕಕ್ಕಿಟ್ಟಿದೀನಿ.

ಗಟ್ಟಿ ಅಂಗಿ ಜೇಬಲ್ಲೈತೆ. ರೈಲಲ್ಲಿ ನೂಕುನುಗ್ಗಲು ಇರ್ತದೆ, ಮೂರು ದಿನದ ದಾರಿ. ಶಿವಯೋಗಣ್ಣನ ಕೈ ಸೇರೋ ತನಕ ಒಡೀಬಾರ್ದು. ಅದರ ಮೇಲೆ ಕೈಯಿಟ್ಕಂಡೇ ಕೂರ್ತೀನಿ.